ಆನೆಯ ಹೆಜ್ಜೆಯಲ್ಲಿ ಎಷ್ಟು ವಿದ್ಯುತ್ತು?

ಪ್ರಾಣಿಗಳ ನಡಿಗೆಯಿಂದ ಶಕ್ತಿ ಪಡೆಯುವುದು ಮನುಷ್ಯನಿಗೆ ಹೊಸದಲ್ಲ. ಗಾಣಕ್ಕೆ ಕಟ್ಟಿದ ಎತ್ತು ಸುತ್ತು ಹಾಕಿದಷ್ಟೂ ಎಣ್ಣೆ ಇಳಿಯುತ್ತಿತ್ತು. ಕಪಿಲೆಯ ಎತ್ತುಗಳು ಇಳಿಜಾರಿನಲ್ಲಿ ಹೆಜ್ಜೆ ಹಾಕಿದಷ್ಟೂ ಬಾವಿಯ ನೀರು ಮೇಲೇರಿ ಕಾಲುವೆಗೆ ಹರಿಯುತ್ತಿತ್ತು. ಉಗಿಯಂತ್ರದ ಸಾಮರ್ಥ್ಯವನ್ನು ಜನರಿಗೆ ಮನದಟ್ಟು ಮಾಡಿಸಲು ಜೇಮ್ಸ್ ವ್ಯಾಟ್ ಕೂಡ ಕುದುರೆಯನ್ನೇ ಅಳತೆಗೋಲಾಗಿ ಬಳಸಿಕೊಂಡ. ಇಂದಿಗೂ ನಮ್ಮ ಕೃಷಿ ಪಂಪ್‌ಸೆಟ್ಟುಗಳ ಲೆಕ್ಕ ನಡೆಯುವುದು ಆ ಕುದುರೆಯ ಹೆಸರಿನಲ್ಲೇ. ಆದರೆ ಇವೆಲ್ಲ ಪಳಗಿದ ಪ್ರಾಣಿಗಳು. ನೊಗಕ್ಕೆ ಕುತ್ತಿಗೆ ಕೊಡದ, ಮನುಷ್ಯನ ಹಂಗಿಲ್ಲದೆ ಬದುಕುವ ಕಾಡುಪ್ರಾಣಿಗಳ ಓಡಾಟದಿಂದಲೂ ವಿದ್ಯುತ್ತನ್ನು ಹಿಂಡಿಕೊಳ್ಳಬಹುದೇ? ನಾಲ್ಕೈದು ಟನ್ ತೂಕದ ಸಲಗವೊಂದು ರಾತ್ರಿಯಿಡೀ ಕಾಫಿ ತೋಟಗಳ ನಡುವೆ ಹೆಜ್ಜೆ ಹಾಕುವಾಗ ಆ ಹೆಜ್ಜೆಯ ಬಲವೆಲ್ಲ ಮಣ್ಣಿನ ಪಾಲಾಗುತ್ತಿದೆಯಲ್ಲ ಎಂಬ ಯೋಚನೆ ಎಂಜಿನಿಯರನೊಬ್ಬನಿಗೆ ಬಂದರೆ ಆಶ್ಚರ್ಯವಿಲ್ಲ.

ಈ ಪ್ರಶ್ನೆಯನ್ನು ಕುತೂಹಲಕ್ಕಾಗಿ ಮಾತ್ರ ನಾನಿಲ್ಲಿ ಎತ್ತಿಕೊಂಡಿಲ್ಲ. ಆನೆ ಎಲ್ಲಿದೆ ಎಂಬ ಮಾಹಿತಿ ಹಾಸನ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ತೋಟದ ಕಾರ್ಮಿಕರಿಗೆ ಪ್ರಾಣದ ಪ್ರಶ್ನೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟವರ ಹಾದಿಯಲ್ಲಿ ಒಂಟಿ ಸಲಗ ನಿಂತಿದೆಯೋ ಇಲ್ಲವೋ ಎಂಬುದನ್ನು ತಿಳಿಸುವ ಸಾಧನಗಳಲ್ಲಿ ಆನೆಯ ಕೊರಳಿಗೆ ತೊಡಿಸಿದ ರೇಡಿಯೊ ಕಾಲರ್ ಮುಖ್ಯವಾದುದು. ಆ ಕಾಲರಿನ ಜೀವ ಇರುವುದು ಅದರ ಬ್ಯಾಟರಿಯಲ್ಲಿ. ದಿನಕ್ಕೆ ಎಷ್ಟು ಬಾರಿ ಸ್ಥಾನ ತಿಳಿಸಬೇಕು ಎಂಬುದನ್ನು ಅವಲಂಬಿಸಿ ಕೆಲವೇ ವರ್ಷಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಆನೆ ಬದುಕುವುದಾದರೋ ಐದಾರು ದಶಕ. ಬ್ಯಾಟರಿ ಮುಗಿದ ಮೇಲೆ ಮತ್ತೆ ಆ ಆನೆಯನ್ನು ಹುಡುಕಿ, ಸಾಕಾನೆಗಳಿಂದ ಸುತ್ತುವರಿಸಿ, ಅರಿವಳಿಕೆಯ ಚುಚ್ಚುಮದ್ದು ಹಾರಿಸಿ, ಪಟ್ಟಿ ಬದಲಿಸಬೇಕು. ಪ್ರಾಣಿಯೇ ತನ್ನ ಕಾಲರಿಗೆ ತಾನೇ ವಿದ್ಯುತ್ ಒದಗಿಸುವಂತಾದರೆ ಈ ಸಂಕಟ ತಪ್ಪೀತೇ?

ಅರಿವಳಿಕೆ ಕಾರ್ಯಾಚರಣೆ ಎಂಬುದು ಎಷ್ಟು ದುಬಾರಿಯೆಂಬುದನ್ನು ಕರ್ನಾಟಕ 2023ರಲ್ಲಿ ಕಂಡಿತು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ಗಾಯಗೊಂಡ ಕಾಡಾನೆಯೊಂದಕ್ಕೆ ಚಿಕಿತ್ಸೆ ನೀಡಲು ಅರಿವಳಿಕೆ ಮದ್ದು ಹಾರಿಸಿದ ಅನುಭವಿ ಸಿಬ್ಬಂದಿಯೊಬ್ಬರು ಅದೇ ಆನೆಯ ದಾಳಿಗೆ ಬಲಿಯಾದರು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ, ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಂದಿಗೆ ಸೆಣಸಿ ಪ್ರಾಣ ಬಿಟ್ಟಿತು. ಪ್ರತಿಯೊಂದು ಸೆರೆ, ಪ್ರತಿಯೊಂದು ಚುಚ್ಚುಮದ್ದು ಆನೆಗೂ ಅಪಾಯ, ಮಾವುತ-ಕಾವಾಡಿಗಳಿಗೂ ಅಪಾಯ. ಆದ್ದರಿಂದ ಒಮ್ಮೆ ತೊಡಿಸಿದ ಕಾಲರ್ ಹೆಚ್ಚು ಕಾಲ ಉಳಿಯಬೇಕೆಂಬ ಬಯಕೆ ಕೇವಲ ಸಂಶೋಧಕರ ಸೌಕರ್ಯದ ಮಾತಲ್ಲ.

ಕೊರಳಲ್ಲೊಂದು ಕೈಗಡಿಯಾರ

ಈ ದಿಕ್ಕಿನ ಗಮನಾರ್ಹ ಪ್ರಯತ್ನವೊಂದು 2023ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹವರ್ತಿಗಳು 'ಕೈನ್‌ಫಾಕ್ಸ್' ಎಂಬ ಹೆಸರಿನ ಜಿಪಿಎಸ್ ಕಾಲರನ್ನು ರೂಪಿಸಿ, ಅದರ ವಿವರಗಳನ್ನು 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಬಹಿರಂಗಪಡಿಸಿದರು. ಅದರಲ್ಲಿ ಬದಲಿಸಬೇಕಾದ ಬ್ಯಾಟರಿ ಇಲ್ಲ. ಸ್ಪ್ರಿಂಗ್ ಅಳವಡಿಸಿದ ಪುಟ್ಟ ಲೋಲಕವೊಂದು ಪ್ರಾಣಿ ಅಲುಗಿದಾಗಲೆಲ್ಲ ತೂಗಾಡುತ್ತದೆ. ಆ ತೂಗಾಟ ಸೂಕ್ಷ್ಮ ಜನರೇಟರ್ ಒಂದನ್ನು ತಿರುಗಿಸುತ್ತದೆ. ಹುಟ್ಟಿದ ವಿದ್ಯುತ್ತು ಲಿಥಿಯಂ ಅಯಾನ್ ಕೆಪಾಸಿಟರಿನಲ್ಲಿ ಹನಿ ಹನಿಯಾಗಿ ಶೇಖರಗೊಳ್ಳುತ್ತದೆ. ಸಾಕಷ್ಟು ಕೂಡಿದಾಗ ಕಾಲರ್ ಎಚ್ಚರಗೊಂಡು ಉಪಗ್ರಹಗಳ ನೆರವಿನಿಂದ ತನ್ನ ಸ್ಥಾನವನ್ನು ಗುರುತಿಸಿಕೊಂಡು ಚುಟುಕು ಸಂದೇಶವೊಂದನ್ನು ರವಾನಿಸಿ ಮತ್ತೆ ನಿದ್ರೆಗೆ ಜಾರುತ್ತದೆ.

ತತ್ತ್ವ ಹಳೆಯದು. ಕೀಲಿ ಕೊಡುವ ಅಗತ್ಯವಿಲ್ಲದ ಆಟೊಮ್ಯಾಟಿಕ್ ಕೈಗಡಿಯಾರಗಳನ್ನು ಬೆಂಗಳೂರಿನ ಎಚ್‌ಎಂಟಿ ಕಟ್ಟಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಗೈ ಆಡಿದಂತೆಲ್ಲ ಒಳಗಿನ ಅರ್ಧಚಂದ್ರಾಕೃತಿಯ ತೂಕ ತಿರುಗಿ ಸ್ಪ್ರಿಂಗನ್ನು ಬಿಗಿಯುತ್ತಿತ್ತು. ಜಪಾನಿನ ಸೀಕೋ ಕಂಪನಿ 1980ರ ದಶಕದ ಕೊನೆಯಲ್ಲಿ ಅದೇ ತೂಕದಿಂದ ಪುಟ್ಟ ಜನರೇಟರನ್ನು ತಿರುಗಿಸಿ ಕ್ವಾರ್ಟ್ಜ್ ಗಡಿಯಾರಕ್ಕೆ ವಿದ್ಯುತ್ ಒದಗಿಸಿತು. ಕೈಗಡಿಯಾರದ ಈ ಜಾಣ್ಮೆಯೇ ಈಗ ಪ್ರಾಣಿಯ ಕೊರಳಿಗೆ ಏರಿದೆ.

ಸಂಶೋಧಕರು ಈ ಕಾಲರನ್ನು ನಾಲ್ಕು ಸಾಕುನಾಯಿಗಳಿಗೆ, ಒಂದು ಎಕ್ಸ್‌ಮೂರ್ ತಳಿಯ ಕಿರುಗುದುರೆಗೆ ಮತ್ತು ವೈಸೆಂಟ್ ಎಂದು ಕರೆಯಲಾಗುವ ಒಂದು ಯುರೋಪಿಯನ್ ಕಾಡುಕೋಣಕ್ಕೆ ತೊಡಿಸಿ ನೋಡಿದರು. ಫಲಿತಾಂಶದ ಅಂಕಿಗಳು ಗಮನಿಸಬೇಕಾದವು. ನಾಯಿಯೊಂದು ಒಂದು ದಿನದಲ್ಲಿ ಗರಿಷ್ಠ 10.04 ಜೂಲ್ ಶಕ್ತಿ ಉತ್ಪಾದಿಸಿತು. ಕಾಡುಕೋಣದ ದಿನದ ಸರಾಸರಿ 2.3 ಜೂಲ್. ಕುದುರೆಯದು ಕೇವಲ 0.69 ಜೂಲ್.

ಜೂಲ್ ಎಂದರೆ ಎಷ್ಟು? ಒಂದು ಕಿಲೋ ಸಕ್ಕರೆಯ ಪೊಟ್ಟಣವನ್ನು ನೆಲದಿಂದ ಒಂದು ಮೀಟರ್ ಎತ್ತರದ ಮೇಜಿನ ಮೇಲಿಡಲು ಸುಮಾರು 10 ಜೂಲ್ ಶಕ್ತಿ ಬೇಕು. ಅಂದರೆ ದಿನವೆಲ್ಲ ಓಡಾಡಿದ ನಾಯಿಯ ಅತ್ಯುತ್ತಮ ಸಾಧನೆ ಒಂದು ಪೊಟ್ಟಣವನ್ನು ಒಂದು ಸಲ ಎತ್ತಿಟ್ಟಷ್ಟು. ನಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ನಮೂದಾಗುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ದಿನಕ್ಕೆ 2.3 ಜೂಲ್ ನೀಡುವ ಆ ಕಾಡುಕೋಣ ಒಂದೇ ಒಂದು ಯೂನಿಟ್ ವಿದ್ಯುತ್ ಕೂಡಿಡಲು ಸುಮಾರು 4,300 ವರ್ಷ ನಡೆಯಬೇಕಾಗುತ್ತದೆ. ವನ್ಯಜೀವಿಗಳ ಹೆಜ್ಜೆಯಿಂದ ಕಾಡಂಚಿನ ಹಳ್ಳಿಗಳಿಗೆ ದೀಪ ಬೆಳಗಿಸುವ ಕನಸು ಯಾರಿಗಾದರೂ ಇದ್ದರೆ ಅದು ಈ ಒಂದು ಭಾಗಾಕಾರದಲ್ಲೇ ಕರಗಿಹೋಗುತ್ತದೆ.

ಹಾಗಾದರೆ ಇದಕ್ಕೆ ಏನು ಬೆಲೆ? ಬೆಲೆ ಇರುವುದು ಶಕ್ತಿಯ ಪ್ರಮಾಣದಲ್ಲಲ್ಲ, ಅದು ಹುಟ್ಟುವ ಸ್ಥಳದಲ್ಲಿ. ತಂತಿ ಎಳೆಯಲಾಗದ, ಮನುಷ್ಯ ಕೈ ಚಾಚಲಾಗದ ಕಡೆ ಹುಟ್ಟುವ ಮೂರು ಜೂಲ್, ಗೋಡೆಯ ಪ್ಲಗ್ಗಿನಲ್ಲಿ ದೊರೆಯುವ ಮೂರು ಲಕ್ಷ ಜೂಲಿಗಿಂತ ಅಮೂಲ್ಯವಾಗಬಹುದು.

ಮೀನಿನ ಬಾಲ, ಜೀರುಂಡೆಯ ರೆಕ್ಕೆ

ಇಂಥ ಸ್ಥಳಗಳು ಹಲವಿವೆ. ಅಮೆರಿಕದ ಕೊಲಂಬಿಯಾ ನದಿಗೆ ಸಾಲು ಸಾಲು ಅಣೆಕಟ್ಟುಗಳನ್ನು ಕಟ್ಟಿದ ಮೇಲೆ ಅಲ್ಲಿಯ ವಲಸೆ ಮೀನುಗಳ ಗತಿ ಏನಾಯಿತು ಎಂದು ತಿಳಿಯಲು ಮೀನಿನ ದೇಹದಲ್ಲಿ ಶಬ್ದ ಸಂಕೇತ ಹೊರಡಿಸುವ ಪುಟ್ಟ ಸಾಧನವನ್ನು ಇಡುತ್ತಾರೆ. ನೂರು ವರ್ಷದವರೆಗೂ ಬದುಕಬಲ್ಲ ಸ್ಟರ್ಜನ್ ಮೀನಿಗೆ ಯಾವ ಬ್ಯಾಟರಿ ಸಾಟಿಯಾದೀತು? ಅಲ್ಲಿಯ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು 2016ರಲ್ಲಿ ಒಂದು ಉಪಾಯ ಮುಂದಿಟ್ಟರು. ಚರ್ಮದಡಿಯಲ್ಲಿ ಬಾಗಬಲ್ಲ ಪೀಜೋವಿದ್ಯುತ್ ಪಟ್ಟಿಯೊಂದನ್ನು ಇಟ್ಟರೆ, ಮೀನು ಈಜುವಾಗ ದೇಹ ಬಳುಕಿದಂತೆಲ್ಲ ಪಟ್ಟಿಯೂ ಬಳುಕಿ ವಿದ್ಯುತ್ ಹುಟ್ಟುತ್ತದೆ. ಅದರಿಂದಲೇ ಸಂಕೇತ ಹೊರಡುತ್ತದೆ. ಒತ್ತಡಕ್ಕೆ ಒಳಗಾದ ಕೆಲವು ಹರಳುಗಳು ವಿದ್ಯುತ್ ಸೂಸುತ್ತವೆ ಎಂಬುದನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಹಿಡಿದದ್ದು 1880ರಲ್ಲಿ. ಅಡುಗೆಮನೆಯ ಗ್ಯಾಸ್ ಲೈಟರನ್ನು ಒತ್ತಿದಾಗ ಟಕ್ಕೆಂದು ಕಿಡಿ ಹಾರುವುದು ಇದೇ ಗುಣದಿಂದ.

ಇನ್ನೂ ಕಿರಿದಾದ ಜೀವವನ್ನೂ ಎಂಜಿನಿಯರುಗಳು ಬಿಟ್ಟಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ತಂಡವೊಂದು 2011ರಲ್ಲಿ ಹಸಿರು ಜೀರುಂಡೆಯ ಮೈಮೇಲೆ ಪೀಜೋವಿದ್ಯುತ್ ಜನರೇಟರ್ ಕೂರಿಸಿ, ಸೆಕೆಂಡಿಗೆ 85ರಿಂದ 100 ಬಾರಿ ಬಡಿಯುವ ರೆಕ್ಕೆಯ ಚಲನೆಯಿಂದ ಒಂದು ಮಾದರಿಯಲ್ಲಿ 11.5, ಇನ್ನೊಂದರಲ್ಲಿ 7.5 ಮೈಕ್ರೋವಾಟ್ ವಿದ್ಯುತ್ ಪಡೆಯಿತು. ಎರಡೂ ರೆಕ್ಕೆಗಳಿಗೆ ಸುಧಾರಿತ ಜನರೇಟರ್ ಅಳವಡಿಸಿದರೆ ಕೀಟವೊಂದರಿಂದ 45 ಮೈಕ್ರೋವಾಟ್‌ಗೂ ಮೀರಿ ಪಡೆಯಬಹುದೆಂದು ಲೆಕ್ಕ ಹಾಕಿತು. ಆ ಪ್ರಯೋಗದಲ್ಲಿ ಜೀರುಂಡೆ ಸ್ವತಂತ್ರವಾಗಿ ಹಾರುತ್ತಿರಲಿಲ್ಲ, ಅದನ್ನು ಕಟ್ಟಿಹಾಕಿ ಹಾರಿಸಲಾಗಿತ್ತು ಎಂಬುದನ್ನು ಮರೆಯಬಾರದು.

ಹಕ್ಕಿಗಳ ವಿಷಯದಲ್ಲಿ ಸೂರ್ಯನೇ ಈ ಸಮಸ್ಯೆಯನ್ನು ಬಹುಮಟ್ಟಿಗೆ ಬಗೆಹರಿಸಿದ್ದಾನೆ. ನಾಗಾಲ್ಯಾಂಡಿನ ಪಾಂಗ್ಟಿ ಪರಿಸರದಲ್ಲಿ 2013ರಲ್ಲಿ ಅಮೂರ್ ಚಾಣಗಳ ಬೆನ್ನಿಗೆ ಕಟ್ಟಿದ ಸುಮಾರು ಐದು ಗ್ರಾಂ ತೂಕದ ಸೌರಚಾಲಿತ ಸಾಧನಗಳು ಅವು ಅರಬ್ಬೀ ಸಮುದ್ರ ದಾಟಿ ಆಫ್ರಿಕಕ್ಕೆ ಹೋದ ದಾರಿಯನ್ನು ಜಗತ್ತಿಗೆ ತೋರಿಸಿದವು. ಆದರೆ ಆಕಾಶದಲ್ಲಿ ಹಾರುವ ಚಾಣಕ್ಕೆ ದಕ್ಕುವ ಬಿಸಿಲು ಮಲೆನಾಡಿನ ಕಾಡಿನೊಳಗೆ ನಡೆಯುವ ಪ್ರಾಣಿಗೆ ದಕ್ಕುವುದಿಲ್ಲ. ಮರದ ನೆರಳು, ನಾಲ್ಕು ತಿಂಗಳ ಮಳೆ, ಕೆಸರಿನಲ್ಲಿ ಹೊರಳುವ ಆನೆಯ ಅಭ್ಯಾಸ, ರಾತ್ರಿ ಸಂಚಾರ - ಇವೆಲ್ಲ ಸೌರಫಲಕದ ಶತ್ರುಗಳು. ಚಲನೆಯೊಂದೇ ಹಗಲು ರಾತ್ರಿ, ಮಳೆ ಬಿಸಿಲು ಎನ್ನದೆ ಪ್ರಾಣಿಯ ಜೊತೆಗೇ ಇರುವುದು.

ಯಾರ ಶಕ್ತಿ, ಯಾರ ಹೊರೆ?

ಇಲ್ಲೊಂದು ನ್ಯಾಯದ ಪ್ರಶ್ನೆಯಿದೆ. ಚಲನೆಯಿಂದ ಹುಟ್ಟುವ ಶಕ್ತಿ ಪುಕ್ಕಟೆಯಲ್ಲ. ಪ್ರಾಣಿ ತಿಂದ ಹುಲ್ಲು, ಮಾಂಸವೇ ಅದರ ಮೂಲ. ಹಾಗಿರುವಾಗ ನಾವು ಕೇಳದೆಯೇ ಅದರ ಅನ್ನದಲ್ಲಿ ಪಾಲು ಕಿತ್ತುಕೊಂಡಂತಾಗುವುದಿಲ್ಲವೇ?

ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಇದಕ್ಕೆ ಭಾಗಶಃ ಉತ್ತರ ಕೊಡುತ್ತವೆ. ಕೆನಡದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಡೊನೆಲನ್ ಮತ್ತು ಸಂಗಡಿಗರು 2008ರಲ್ಲಿ ಮೊಣಕಾಲಿಗೆ ಕಟ್ಟುವ ಜನರೇಟರ್ ರೂಪಿಸಿ, ನಡೆಯುವ ಮನುಷ್ಯನಿಂದ ಸುಮಾರು 5 ವಾಟ್ ವಿದ್ಯುತ್ ಪಡೆದರು. ಅದರ ಜಾಣತನ ಇದ್ದದ್ದು ಸಮಯ ಪ್ರಜ್ಞೆಯಲ್ಲಿ. ನಡೆಯುವಾಗ ಪ್ರತಿ ಹೆಜ್ಜೆಯ ಕೊನೆಯಲ್ಲಿ ಮುಂದೆ ಬೀಸಿದ ಕಾಲನ್ನು ಸ್ನಾಯುಗಳು ತಡೆದು ನಿಲ್ಲಿಸಬೇಕಾಗುತ್ತದೆ. ಆ ತಡೆಯುವ ಕ್ಷಣದಲ್ಲಿ ಮಾತ್ರ ಜನರೇಟರ್ ಕೆಲಸ ಮಾಡಿದರೆ ಅದು ಸ್ನಾಯುವಿಗೆ ಹೊರೆಯಾಗದೆ ನೆರವಾಗುತ್ತದೆ. ವಿದ್ಯುತ್ ರೈಲು ಬ್ರೇಕ್ ಹಾಕುವಾಗ ವಿದ್ಯುತ್ತನ್ನು ಮರಳಿ ಪಡೆಯುವುದೂ ಹೀಗೆಯೇ. ಆದರೆ ಎಲ್ಲ ಕ್ಷಣಗಳಲ್ಲೂ ಶಕ್ತಿ ಹೀರುವ ಸಾಧನ ನಡೆಯುವವನನ್ನು ಬಳಲಿಸುತ್ತದೆ.

ಕೊರಳಪಟ್ಟಿಯ ಲೋಲಕಕ್ಕೆ ಇಂಥ ವಿವೇಚನೆ ಇಲ್ಲ. ಆದರೆ ದಿನಕ್ಕೆ ಎರಡು-ಮೂರು ಜೂಲ್ ಎಂಬುದು ಕಾಡುಕೋಣದಂಥ ದೊಡ್ಡ ಪ್ರಾಣಿಯ ಲೆಕ್ಕದಲ್ಲಿ ಒಂದು ಎಸಳು ಹುಲ್ಲಿಗೂ ಸಮವಲ್ಲ. ನಿಜವಾದ ಹೊರೆ ಇರುವುದು ಕದ್ದ ಶಕ್ತಿಯಲ್ಲಲ್ಲ, ಹೊರಿಸಿದ ಪಟ್ಟಿಯಲ್ಲಿ. ಅಮೆರಿಕದ ವಯೋಮಿಂಗಿನಲ್ಲಿ 1970ರಲ್ಲಿ ಕ್ರೇಗ್‌ಹೆಡ್ ಸಹೋದರರು ಎಲ್ಕ್ ಜಾತಿಯ ಜಿಂಕೆಯೊಂದಕ್ಕೆ ಉಪಗ್ರಹ ಸಂಪರ್ಕದ ಕಾಲರ್ ತೊಡಿಸಿದಾಗ ಅದರ ತೂಕ 10 ಕಿಲೋ ಮೀರಿತ್ತು. ಪ್ರಾಣಿಯ ದೇಹತೂಕದ ಶೇ 3ರಿಂದ 5ಕ್ಕಿಂತ ಹೆಚ್ಚಿನ ಭಾರ ಹೊರಿಸಬಾರದು ಎಂಬ ಕಟ್ಟಳೆ ಇಂದು ಸಂಶೋಧಕರಲ್ಲಿ ರೂಢಿಯಲ್ಲಿದೆ. ಆದರೂ ತೂಕವೊಂದೇ ಮುಖ್ಯವಲ್ಲ. ಮಧ್ಯಪ್ರದೇಶದ ಕುನೊದಲ್ಲಿ 2023ರ ಜುಲೈಯಲ್ಲಿ ಚೀತಾಗಳು ಸತ್ತಾಗ, ಮಳೆಗಾಲದ ತೇವದಲ್ಲಿ ಕಾಲರ್ ಅಡಿ ಉಂಟಾದ ಗಾಯ ಮತ್ತು ಸೋಂಕಿನತ್ತ ತಜ್ಞರು ಬೆರಳು ತೋರಿಸಿದರು. ಬಳಿಕ ಉಳಿದ ಚೀತಾಗಳ ಕಾಲರ್ ಬಿಚ್ಚಿ ತಪಾಸಣೆ ನಡೆಸಬೇಕಾಯಿತು.

ಈ ಹಿನ್ನೆಲೆಯಲ್ಲಿ 'ಜೀವಮಾನದ ಕಾಲರ್' ಎಂಬ ಮಾತನ್ನು ಎಚ್ಚರಿಕೆಯಿಂದ ಕೇಳಿಸಿಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ. ಬ್ಯಾಟರಿಗೆ ಮುಪ್ಪು ಇರುವಂತೆ ಪಟ್ಟಿಗೂ ಮುಪ್ಪುಂಟು. ಬೆಳೆಯುವ ಎಳೆಯ ಸಲಗದ ಕೊರಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ; ಪಟ್ಟಿ ಹಾಗೆಯೇ ಇರುತ್ತದೆ. ಬ್ಯಾಟರಿ ಮುಗಿಯುವ ಹೊತ್ತಿಗೆ ತಾನಾಗಿ ಕಳಚಿ ಬೀಳುವ ಪಟ್ಟಿಯಲ್ಲಿ ಒಂದು ಕರುಣೆಯಿದೆ. ಎಂದೂ ಬರಿದಾಗದ ಕಾಲರ್ ಎಂದರೆ ಎಂದೂ ಬಿಚ್ಚದ ಬೇಡಿಯೂ ಆದೀತು. ವಿದ್ಯುತ್ತಿನ ಸಮಸ್ಯೆ ಬಗೆಹರಿದ ಮಾತ್ರಕ್ಕೆ ಪ್ರಾಣಿಯ ಸಮಸ್ಯೆ ಬಗೆಹರಿಯುವುದಿಲ್ಲ.

ಜಾಲದ ಆಯುಷ್ಯವೂ ಯೋಚಿಸಬೇಕಾದ ಸಂಗತಿ. ಕೈನ್‌ಫಾಕ್ಸ್ ತನ್ನ ಸಂದೇಶ ಕಳುಹಿಸುವುದು ಸಿಗ್‌ಫಾಕ್ಸ್ ಎಂಬ ಕಡಿಮೆ ಶಕ್ತಿಯ ಸಂಪರ್ಕ ಜಾಲದ ಮೂಲಕ. ಆ ಜಾಲವನ್ನು ಕಟ್ಟಿದ ಫ್ರೆಂಚ್ ಕಂಪನಿ 2022ರ ಜನವರಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಗಿ, ಅದೇ ವರ್ಷ ಸಿಂಗಪುರದ ಯುನಾಬಿಜ್ ಕಂಪನಿಯ ಪಾಲಾಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೂಲಕ ಪ್ರಾಣಿಗಳ ಜಾಡು ಹಿಡಿಯುತ್ತಿದ್ದ ಜರ್ಮನಿ-ರಷ್ಯಾ ಸಹಯೋಗದ 'ಇಕಾರಸ್' ಯೋಜನೆಯ ದತ್ತಾಂಶ ಅದೇ 2022ರಲ್ಲಿ ಉಕ್ರೇನ್ ಯುದ್ಧದ ಪರಿಣಾಮವಾಗಿ ನಿಂತುಹೋಯಿತು. ಕಾಡುಕೋಣದ ಹೆಜ್ಜೆ ನಿಲ್ಲದಿದ್ದರೂ ಅದರ ಮಾತು ಕೇಳುವವರೇ ಇಲ್ಲವಾದರೆ ಜೀವಮಾನದ ಕಾಲರ್ ಮೂಕ ಆಭರಣವಾಗುತ್ತದೆ.

ಆನೆಯಲ್ಲ, ಸೀಳುನಾಯಿ

ಈಗ ನಮ್ಮ ಕಾಡಿಗೆ ಬರೋಣ. 2025ರಲ್ಲಿ ಬಿಡುಗಡೆಯಾದ ಡಿಎನ್‌ಎ ಆಧಾರಿತ ಅಂದಾಜಿನಂತೆ ಕರ್ನಾಟಕದಲ್ಲಿ 6,013 ಆನೆಗಳಿವೆ. ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಚಲನೆಯ ವಿದ್ಯುತ್ತು ಆನೆ-ಮಾನವ ಸಂಘರ್ಷಕ್ಕೆ ಮದ್ದಾದೀತೇ?

ಸರಳ ಅಂದಾಜೊಂದನ್ನು ಮಾಡಬಹುದು. ಪುಟ್ಟ ಜಿಪಿಎಸ್ ಗ್ರಾಹಕಕ್ಕೆ ಹತ್ತನೇ ಒಂದು ವಾಟ್ ಸಾಮರ್ಥ್ಯ ಬೇಕು, ಉಪಗ್ರಹಗಳನ್ನು ಹುಡುಕಿ ಸ್ಥಾನ ಗುರುತಿಸಲು ಅರ್ಧ ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಒಂದು ಬಾರಿಗೆ 3 ಜೂಲ್ ಖರ್ಚು. ಸಂದೇಶ ರವಾನೆಯ ಖರ್ಚು ಬೇರೆ. ತೋಟದ ಕಾರ್ಮಿಕರಿಗೆ ಮುನ್ನೆಚ್ಚರಿಕೆ ಕೊಡಬೇಕಾದರೆ ಗಂಟೆಗೊಮ್ಮೆಯಾದರೂ ಆನೆಯ ಸ್ಥಾನ ತಿಳಿಯಬೇಕು. ಅಂದರೆ ದಿನಕ್ಕೆ 72 ಜೂಲ್. ಡೆನ್ಮಾರ್ಕಿನ ತಂಡಕ್ಕೆ ಕಾಡುಕೋಣದಿಂದ ದೊರೆತದ್ದರ ಮೂವತ್ತು ಪಟ್ಟಿಗೂ ಹೆಚ್ಚು. ಇನ್ನೊಂದೆಡೆ, ಅಂಗಡಿಯಲ್ಲಿ ಸಿಗುವ ಎಎ ಗಾತ್ರದ ಒಂದು ಸೆಲ್ಲಿನಲ್ಲಿ ಸುಮಾರು 10 ಸಾವಿರ ಜೂಲ್ ಶಕ್ತಿ ಅಡಗಿರುತ್ತದೆ. ಆ ಕಾಡುಕೋಣದ ಹೆಚ್ಚುಕಡಿಮೆ ಹನ್ನೆರಡು ವರ್ಷದ ದುಡಿಮೆ ಅದು. ಆನೆಯಂಥ ಬಲಶಾಲಿಗೆ ಇನ್ನೊಂದಿಷ್ಟು ಸೆಲ್ ಹೊರುವುದು ಭಾರವಲ್ಲ. ಆನೆಯ ನಡಿಗೆಯಾದರೋ ನಿಧಾನದ್ದು, ಗಂಭೀರವಾದದ್ದು, ಲೋಲಕವನ್ನು ಕುಲುಕುವಂಥದ್ದಲ್ಲ. ಹೀಗಾಗಿ ಸದ್ಯದ ಸ್ಥಿತಿಯಲ್ಲಿ ಆನೆಯ ಮುನ್ನೆಚ್ಚರಿಕೆಗೆ ಬ್ಯಾಟರಿಯೇ ಗತಿ.

ಆದರೂ ಆನೆಯ ಕಾಲರಿನಲ್ಲಿ ಈ ತಂತ್ರಕ್ಕೆ ಒಂದು ಪುಟ್ಟ ಜಾಗವಿದೆ. ಮುಖ್ಯ ಬ್ಯಾಟರಿ ಬರಿದಾದ ಮೇಲೂ ಎರಡು ದಿನಕ್ಕೊಮ್ಮೆ 'ಇಲ್ಲಿದ್ದೇನೆ' ಎಂದು ಹೇಳಬಲ್ಲ ಆಪದ್ಧನದಂತೆ ಅದು ಒದಗಬಹುದು. ಸತ್ತ ಕಾಲರ್ ಹೊತ್ತ ಆನೆಯನ್ನು ದಿನಗಟ್ಟಲೆ ಕಾಡಿನಲ್ಲಿ ಹುಡುಕುವ ಶ್ರಮ ಅದರಿಂದ ತಗ್ಗುತ್ತದೆ. ಅಲ್ಲದೆ ಜನರೇಟರ್ ತಾನೇ ಒಂದು ಅಳತೆಮಾಪಕ. ವಿದ್ಯುತ್ ಉತ್ಪಾದನೆ ದಿಢೀರನೆ ಸೊನ್ನೆಗೆ ಇಳಿದರೆ ಪಟ್ಟಿ ಕಳಚಿ ಬಿದ್ದಿದೆ, ಇಲ್ಲವೇ ಪ್ರಾಣಿ ನೆಲಕ್ಕೊರಗಿದೆ ಎಂದರ್ಥ. ವಿದ್ಯುತ್ ಬೇಲಿಗೆ, ಉರುಳಿಗೆ ಸಿಕ್ಕ ಆನೆಯ ವಿಷಯದಲ್ಲಿ ಈ ಮೌನವೂ ಒಂದು ಸಂದೇಶವೇ.

ನನ್ನ ದೃಷ್ಟಿಯಲ್ಲಿ ಈ ತಂತ್ರಕ್ಕೆ ನಮ್ಮ ಕಾಡಿನಲ್ಲಿ ಹೆಚ್ಚು ಹೊಂದುವ ಪ್ರಾಣಿ ಬೇರೆಯೇ ಇದೆ. ಕೋಪನ್‌ಹೇಗನ್ ಪ್ರಯೋಗದಲ್ಲಿ ಗೆದ್ದದ್ದು ನಾಯಿ. ಸದಾ ಕುಕ್ಕುಲೋಟದಲ್ಲಿರುವ, ಮೈ ಕೊಡವುವ, ತಲೆ ಅಲ್ಲಾಡಿಸುವ ಸ್ವಭಾವ ಲೋಲಕಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಸೀಳುನಾಯಿಗಳು ಹಾಗೆಯೇ ಅಲ್ಲವೇ? ಬಂಡೀಪುರದಲ್ಲಿ 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಯಾವ ಕಾಲರಿನ ನೆರವೂ ಇಲ್ಲದೆ ಕಾಲ್ನಡಿಗೆಯಲ್ಲಿ ಹಿಂಬಾಲಿಸಿ ಅಧ್ಯಯನ ಮಾಡಿದ ಈ ಬೇಟೆಗಾರ ಗುಂಪುಗಳ ಬಗ್ಗೆ ಹುಲಿ, ಆನೆಗಳ ಬಗ್ಗೆ ತಿಳಿದಷ್ಟು ನಮಗೆ ಇನ್ನೂ ತಿಳಿದಿಲ್ಲ. ಹದಿನೈದು ಕಿಲೋ ತೂಗುವ ಸೀಳುನಾಯಿಯ ಮೇಲೆ ಶೇ 3ರ ಕಟ್ಟಳೆಯಂತೆ ಹೊರಿಸಬಹುದಾದದ್ದು 450 ಗ್ರಾಂ ಮಾತ್ರ. ಅಲ್ಲಿ ಬ್ಯಾಟರಿಯ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ 10 ಜೂಲ್ ದೊರೆತರೂ ಮೂರು ಬಾರಿ ಸ್ಥಾನ ತಿಳಿಯಬಹುದು. ಗುಂಪಿನ ವ್ಯಾಪ್ತಿ, ಕಾಡಿನಿಂದ ಕಾಡಿಗೆ ದಾಟುವ ದಾರಿ ಅರಿಯಲು ಅಷ್ಟು ಸಾಕು. ದೊಡ್ಡ ಪ್ರಾಣಿಯಿಂದ ಹೆಚ್ಚು ಶಕ್ತಿ ಎಂಬ ನಮ್ಮ ಸಹಜ ಊಹೆಯನ್ನು ಅಂಕಿಗಳು ತಲೆಕೆಳಗು ಮಾಡಿವೆ.

ಹೆಜ್ಜೆಯಿಂದ ಮಾಹಿತಿಗೆ, ಮಾಹಿತಿಯಿಂದ ಕ್ರಮಕ್ಕೆ

ಪ್ರಯೋಗಕ್ಕೆ ಕಾಡಿಗೇ ಓಡಬೇಕಾಗಿಲ್ಲ. ದುಬಾರೆ, ಮತ್ತಿಗೋಡು, ಸಕ್ರೆಬೈಲಿನ ಶಿಬಿರಗಳಲ್ಲಿ ಸಾಕಾನೆಗಳಿವೆ. ಮಾವುತರ ಕಣ್ಣೆದುರಲ್ಲೇ, ಯಾವ ಚುಚ್ಚುಮದ್ದೂ ಇಲ್ಲದೆ, ಕೊರಳು, ಕಾಲು, ಬೆನ್ನು - ಎಲ್ಲಿ ಕಟ್ಟಿದರೆ ಎಷ್ಟು ಜೂಲ್ ಎಂದು ಅಳೆಯಬಹುದು. ಕಟ್ಟುವ ಜಾಗ ಮತ್ತು ವಿಧಾನ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದು ಡೆನ್ಮಾರ್ಕಿನ ಪ್ರಯೋಗದ ಮುಖ್ಯ ಪಾಠಗಳಲ್ಲೊಂದು. ಆನೆಗಳ ಅಧ್ಯಯನದಲ್ಲಿ ದಶಕಗಳ ಅನುಭವವಿರುವ ಭಾರತೀಯ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಅರಣ್ಯ ಇಲಾಖೆ 2025ರ ಜನವರಿಯಲ್ಲಿ ಸ್ವದೇಶಿ ಆನೆ ಕಾಲರನ್ನು ಬಿಡುಗಡೆ ಮಾಡಿದಾಗ ಅದರ ಬೆಲೆ ಸುಮಾರು 1.80 ಲಕ್ಷ ರೂಪಾಯಿ, ಆಮದು ಕಾಲರಿನ ಬೆಲೆಯ ಮೂರನೇ ಒಂದಕ್ಕಿಂತಲೂ ಕಡಿಮೆ ಎಂದು ಹೇಳಲಾಯಿತು. ಸ್ವಂತ ಕಾಲರ್ ತಯಾರಿಸಬಲ್ಲ ರಾಜ್ಯಕ್ಕೆ ಅದರೊಳಗೆ ಲೋಲಕವೊಂದನ್ನು ಇಟ್ಟು ನೋಡುವುದು ದೊಡ್ಡ ಮಾತಲ್ಲ.

ಆದರೆ ಜೂಲ್‌ಗಳ ಲೆಕ್ಕದಲ್ಲಿ ಮೈಮರೆತು ಮುಖ್ಯ ವಿಷಯವನ್ನು ಕೈಬಿಡಬಾರದು. ಬೇಲೂರು ಭಾಗದಲ್ಲಿ ಸೆರೆ ಹಿಡಿದು ರೇಡಿಯೊ ಕಾಲರ್ ತೊಡಿಸಿ 2023ರ ಕೊನೆಯಲ್ಲಿ ಬಂಡೀಪುರದ ಮೂಲೆಹೊಳೆ ಕಾಡಿಗೆ ಬಿಟ್ಟಿದ್ದ ಮಖ್ನಾ ಆನೆ ರಾಜ್ಯದ ಗಡಿ ದಾಟಿತು. 2024ರ ಫೆಬ್ರುವರಿ 10ರಂದು ಅದು ವಯನಾಡಿನ ಮಾನಂದವಾಡಿಯಲ್ಲಿ ಒಬ್ಬರನ್ನು ಕೊಂದಿತು. ಆಗ ಕಾಲರಿಗೆ ವಿದ್ಯುತ್ತಿನ ಕೊರತೆ ಇರಲಿಲ್ಲ. ಕಾಲರಿನ ಮಾಹಿತಿ ಸಕಾಲದಲ್ಲಿ ಸರಿಯಾದ ಕೈಗಳಿಗೆ ತಲುಪಿತೇ ಎಂಬ ಬಗ್ಗೆ ಎರಡು ರಾಜ್ಯಗಳ ನಡುವೆ ವಾಗ್ವಾದ ನಡೆಯಿತು. ಅದರ ಮರುತಿಂಗಳು ಬಂಡೀಪುರದಲ್ಲಿ ಸೇರಿದ ನೆರೆರಾಜ್ಯಗಳ ಸಚಿವರು ಪರಸ್ಪರ ಸಹಕಾರದ ಸನ್ನದಿಗೆ ಮುಂದಾದದ್ದು ಈ ದುರಂತದ ನಂತರವೇ. ಉಪಗ್ರಹದಿಂದ ಇಳಿದ ಅಂಕಿ ತೋಟದ ಲೈನ್ ಮನೆಯಲ್ಲಿರುವ ಹೆಂಗಸಿನ ಮೊಬೈಲಿಗೆ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ, ಅವಳು ಮನೆಯಿಂದ ಹೊರಡುವ ಮೊದಲು ತಲುಪದಿದ್ದರೆ, ಅದು ಬ್ಯಾಟರಿಯಿಂದ ಬಂದಿತೋ ಆನೆಯ ಹೆಜ್ಜೆಯಿಂದ ಬಂದಿತೋ ಎಂಬುದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಕಾಡುಪ್ರಾಣಿಯ ನಡಿಗೆ ನಮಗಾಗಿ ಅಲ್ಲ. ಅದು ಮೇವಿಗಾಗಿ, ನೀರಿಗಾಗಿ, ಸಂಗಾತಿಗಾಗಿ. ಆ ನಡಿಗೆಯ ದಾರಿಗಳನ್ನು ರಸ್ತೆ, ರೈಲುಹಳಿ, ಕಾಲುವೆ, ರೆಸಾರ್ಟುಗಳಿಂದ ತುಂಡರಿಸಿದವರು ನಾವು. ಈಗ ಅದೇ ನಡಿಗೆಯಿಂದ ಒಂದಿಷ್ಟು ಜೂಲ್ ಪಡೆದು ಪ್ರಾಣಿಯ ಇರವನ್ನು ತಿಳಿಯಲು ಹೊರಟಿದ್ದೇವೆ. ತಪ್ಪೇನಿಲ್ಲ, ಪಡೆಯೋಣ. ಆದರೆ ಪಡೆದ ಮಾಹಿತಿ ಅದರ ದಾರಿಯನ್ನು ಉಳಿಸಲು ಮತ್ತು ಆ ದಾರಿಯಲ್ಲಿ ಎದುರಾಗುವ ಬಡವರ ಜೀವ ಕಾಯಲು ಖರ್ಚಾಗಬೇಕು. ಹಾಗಾದರೆ ಮಾತ್ರ ದಿನಕ್ಕೆ ಎರಡು ಜೂಲ್ ಎಂಬ ಈ ಪುಡಿಗಾಸಿನ ಶಕ್ತಿಗೂ ಒಂದು ಅರ್ಥ ಬರುತ್ತದೆ.